ತುಕ್ಕು ಹಿಡಿಯದ ನಳಿಗೆ

ಸಬ್‌ಇನ್ಸ್‌ಪೆಕ್ಟರ್ ಉಮಾನಾಥರು ಒಡೆದ ರೈಫಲಿನ ನಳಿಗೆಯೊಳಗೆ ಕಿರುಬೆರಳು ತೂರಿಸಿ, ಎರಡು ಸುತ್ತು ತಿರುಗಿಸಿ ಹೊರಗೆಳೆದರು. ಬೆರಳು ಸ್ವಚ್ಛ. ಕಣ್ಣಿನ ದೋಷವೋ ಎಂದು ಕನ್ನಡಕ ಏರಿಸಿ ನೋಡಿದರು. ಕನ್ನಡಕದಲ್ಲಿ ಇನ್ನೂ ಸ್ವಚ್ಛ.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಪೆನ್ಶನ್ನಿಗೆ ನಾಲ್ಕು ತಿಂಗಳು ಉಳಿದ ಮನುಷ್ಯನಿಗೆ ಹೊಸ ಸುಳಿವು ಸಿಗುವುದೆಂದರೆ, ಉಂಡು ಎಲೆ ಮಡಚಿದವನ ಮುಂದೆ ಮತ್ತೆ ಎಲೆ ಹಾಸಿದ ಹಾಗೆ.

"ಬೂಬಾ, ಆ ಹಂದಿಕೋವಿ ತಾ ಮಾರಾಯ."

ಹಂದಿಕೋವಿ ಎಂದರೆ ಹೋದ ಶನಿವಾರ ಕಾಡುಹಂದಿಗೆ ಈಡು ಹಾರಿಸಿದ ಒಬ್ಬನಿಂದ ಕಸಿದು ತಂದ ನಾಡಕೋವಿ. ಹೆಡ್ ಕಾನ್‌ಸ್ಟೇಬಲ್ ಬೂಬ ಅದನ್ನು ಮುದ್ದೆಮಾಲಿನ ಕೋಣೆಯಿಂದ ತಂದು ಮೇಜಿನ ಮೇಲೆ ಮಲಗಿಸಿದ. ಉಮಾನಾಥರು ಅದರ ಬಾಯಿಗೂ ಬೆರಳಿಟ್ಟರು. ಹೊರಬಂದ ಬೆರಳು ಎಲೆಅಡಿಕೆ ಜಗಿಯುವವನ ಬಾಯಿಗೆ ಹೋಗಿ ಬಂದಂತಿತ್ತು.

ಎರಡು ಕೋವಿಗಳು, ಎರಡೂ ಕರಿಮದ್ದಿನವು. ಒಂದೇ ಕೋಣೆ, ಒಂದೇ ಗೋಡೆ, ಕಾಪುವಿನ ಒಂದೇ ಉಪ್ಪುಗಾಳಿ. ಒಂದು ಶನಿವಾರ ಹಾರಿದ್ದು, ಇನ್ನೊಂದು ಭಾನುವಾರ. ಎರಡನ್ನೂ ಯಾರೂ ತೊಳೆದಿಲ್ಲ. ಇವತ್ತು ಗುರುವಾರ. ಒಂದರ ಹೊಟ್ಟೆ ಕೆಂಪು ಕೆಸರಾಗಿದೆ, ಇನ್ನೊಂದು ಆಗ ತಾನೇ ಕ್ಷೌರ ಮಾಡಿಸಿಕೊಂಡ ಮದುಮಗನ ಕೆನ್ನೆಯಂತಿದೆ.

ಆ ಮದುಮಗನೇ ಭಾನುವಾರ ಒಂದು ಜೀವ ತೆಗೆದಿದ್ದ. ಶಿರ್ವದ ಹಳೆಯ ಕಲ್ಲುಕೋರೆಯಲ್ಲಿ ಲಿಯೋನೆಲ್ ಎಂಬ ಅರವತ್ತೈದರ ಜಮೀನುದಾರರ ಕೈಯಲ್ಲಿ ಅವರ ಅಜ್ಜನ ಕಾಲದ ಒಂಟಿ ಈಡಿನ ಮಾರ್ಟಿನಿ ರೈಫಲು ಬುಡದಲ್ಲಿ ಸಿಡಿದು, ಸಂಜೆಯೊಳಗೆ ಅವರು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಅದಕ್ಕೆ ಮದ್ದು ತೂಗಿದವರು ಅವರ ಬಾಲ್ಯಸ್ನೇಹಿತ ಫೌಸ್ಟಿನ್. ಈಡು ತೂಗಿದವರೇ ಈಗ ಕೇಸಿಗೆ ಈಡಾಗಿದ್ದರು. ಅದೂ ಪೋಲೀಸರ ಬಲವಂತದಿಂದಲ್ಲ. ತನ್ನ ತೂಕ ತಪ್ಪಿ ಸ್ನೇಹಿತ ಸತ್ತ ಎಂದು ನಾಳೆ ಉಡುಪಿಯ ಮ್ಯಾಜಿಸ್ಟ್ರೇಟರ ಎದುರು ಒಪ್ಪಿಕೊಳ್ಳುವುದಾಗಿ ಆ ಮುದುಕ ತಾನೇ ಹಟ ಹಿಡಿದು ಕೂತಿದ್ದರು.

ಉಮಾನಾಥರಿಗೆ ಬೇಕಾದದ್ದೂ ಅದೇ. ತಾನಾಗಿ ಮುಚ್ಚಿಕೊಳ್ಳುವ ಫೈಲನ್ನು ತಡೆದು ನಿಲ್ಲಿಸುವ ಪೋಲೀಸನನ್ನು ಇಲಾಖೆ ಇನ್ನೂ ಕಂಡಿಲ್ಲ. ಆದರೆ ಈ ಬೆರಳು ಸ್ವಚ್ಛವಾಗಿತ್ತು.

ಅವರು ನಿಟ್ಟುಸಿರು ಬಿಟ್ಟು ಫೌಸ್ಟಿನ್‌ರ ನೋಟುಪುಸ್ತಕ ಬಿಡಿಸಿದರು.

ಫೌಸ್ಟಿನ್ ಮೂವತ್ತೆಂಟು ವರ್ಷ ಶಿರ್ವದ ಒಬ್ಬ ಡಾಕ್ಟರರ ಬಳಿ ಕಂಪೌಂಡರ್ ಆಗಿದ್ದವರು. ಮೊದಲು ರೋಗಿಗಳಿಗೆ ಮದ್ದು, ನಿವೃತ್ತಿಯ ಮೇಲೆ ಕೋವಿಗೆ ಮದ್ದು. ತಕ್ಕಡಿ ಮಾತ್ರ ಅದೇ. ಔಷಧದ ಪುಡಿ ತೂಗುವ ಗ್ರೇನ್ ತೂಕದಲ್ಲೇ ಅವರು ಕರಿಮದ್ದನ್ನೂ ತೂಗಿ, ಈಡಿಗೊಂದರಂತೆ ಕಾಗದದ ಪೊಟ್ಟಣ ಕಟ್ಟುತ್ತಿದ್ದರು. ಇಬ್ಬರೂ ಮುದುಕರಿಗೆ ಎರಡು ವರ್ಷದಿಂದ ಒಂದೇ ಹುಚ್ಚು: ನೂರು ಹೆಜ್ಜೆ ದೂರದಿಂದ ಹೊಡೆದ ಐದು ಗುಂಡು ಒಂದು ಚಾ ಸಾಸರಿನ ಅಗಲದೊಳಗೆ ಬೀಳಬೇಕು. ಪ್ರತಿ ಭಾನುವಾರ ಪೂಜೆ ಮುಗಿಸಿ ಕೋರೆಗೆ ಹೋಗುವುದು, ಐದೇ ಈಡು ಹಾರಿಸುವುದು, ವಾರಕ್ಕೆ ಒಂದೇ ಒಂದನ್ನು ಬದಲಿಸಿ ನೋಡುವುದು. ಒಮ್ಮೆ ಮದ್ದು ಎರಡು ಗ್ರೇನ್ ಹೆಚ್ಚು. ಒಮ್ಮೆ ರಟ್ಟಿನ ಬಿಲ್ಲೆ ದಪ್ಪ. ಒಮ್ಮೆ ಗುಂಡಿಗೆ ಸವರುವ ಮೇಣದಲ್ಲಿ ಕೊಬ್ಬು ಕಡಿಮೆ.

ಪುಸ್ತಕದ ಅಕ್ಷರಗಳು ಇರುವೆ ಸಾಲಿನಂತಿದ್ದವು. 'ಎಂಬತ್ತು ಗ್ರೇನ್. ಬಿಲ್ಲೆ ಒಂದು. ಎಡಕ್ಕೆ ನಾಲ್ಕು ಬೆರಳು. ಲಿಯೋನಿಗೆ ಶೀತ.' 'ಎಂಬತ್ತೆರಡು. ಬಿಲ್ಲೆ ಎರಡು. ಮೇಣ ಹೆಚ್ಚಾಯಿತು. ಮೂರು ಒಳಗೆ, ಎರಡು ದೇವರಿಗೆ ಗೊತ್ತು.' ಕೊನೆಯ ಪುಟದಲ್ಲಿ, ೧೯೮೧ರ ಅಕ್ಟೋಬರ್ ತಿಂಗಳ ಆ ಶನಿವಾರದ ಸಾಲು: 'ಎಂಬತ್ತನಾಲ್ಕು. ಐದೂ ಒಳಗೆ ಬಿದ್ದರೆ ಇನ್ನು ಬದಲಿಸುವುದಿಲ್ಲ.'

ಹೀಗೆ ಬರೆಯುವ ಮನುಷ್ಯ ತೂಕ ತಪ್ಪುತ್ತಾನೆಯೇ? ತಪ್ಪಬಹುದು. ಅರವತ್ತಾರು ವಯಸ್ಸು, ಕಣ್ಣಿನಲ್ಲಿ ಪೊರೆ. ಅದಕ್ಕೇ ಉಮಾನಾಥರು ನಾಲ್ಕು ದಿನ ಸುಮ್ಮನಿದ್ದದ್ದು.

"ಬೂಬಾ, ಕೋರೆಯ ಹತ್ತಿರದ ಆ ಬೀಡಿ ಕಟ್ಟುವ ಅಪ್ಪಿ ಎಂತ ಹೇಳಿದ್ದು? ಇನ್ನೊಮ್ಮೆ ಹೇಳು."

ಬೂಬ ಯಾರ ಹೇಳಿಕೆಯನ್ನೂ ಓದಿ ಹೇಳುವವನಲ್ಲ, ಆಡಿ ತೋರಿಸುವವನು. ಅವನು ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಇಲ್ಲದ ಮೊರವನ್ನು ತೊಡೆಯ ಮೇಲಿಟ್ಟುಕೊಂಡ. ಇಲ್ಲದ ಬೀಡಿಯ ಬಾಯಿ ಮಡಚುತ್ತ, ಕತ್ತು ಓರೆ ಮಾಡಿ ನಿಮಿಷದಲ್ಲಿ ಅಪ್ಪಿಯಾಗಿಬಿಟ್ಟ. ಆರಡಿ ಎತ್ತರ, ಖಾಕಿ ಚಡ್ಡಿ, ಮೀಸೆ ಸಮೇತ ಅಪ್ಪಿ.

ಪ್ರತಿ ಭಾನುವಾರ ಈ ಪೊರ್ಬುಗಳ, ಅಂದರೆ ಕ್ರಿಸ್ತಾನರ, ಕೋವಿಯ ಶಬ್ದಕ್ಕೆ ತನ್ನ ಕೋಳಿ ಮೊಟ್ಟೆಯಿಡುವುದನ್ನೇ ಮರೆತಿದೆ ಎಂದು ಅಪ್ಪಿ ದೂರಿದಳು. ಶಬ್ದ ಹೇಗೆಂದರೆ ಹೀಗೆ. ಬೂಬ ಹೊಟ್ಟೆಯ ಆಳದಿಂದ 'ಧುಡುಂ' ಎಂದು ಎಳೆದ. ಅದು ಠಾಣೆಯ ಆ ಗೋಡೆಗೆ ಬಡಿದು, ಉರುಳಿ, ಈ ಗೋಡೆಗೆ ಬಂದು ಆರಿತು. ಆದರೆ ಈ ಭಾನುವಾರ ಬೇರೆ. ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಅವನು 'ಟಳ್' ಎಂದ. ಮೂಲೆಯಲ್ಲಿ ಬರೆಯುತ್ತಿದ್ದ ರೈಟರ್ ಕೈಯಿಂದ ಪೆನ್ನು ಬಿತ್ತು.

ಕೋವಿ ಒಡೆದರೆ ಶಬ್ದ ಬೇರೆ ಬಾರದೆ ಇರುತ್ತದೆಯೇ ಎಂದು ಉಮಾನಾಥರು ಅದನ್ನು ಅಲ್ಲಿಗೇ ಬಿಡುತ್ತಿದ್ದರು. ಬೂಬ ಬಿಡಲಿಲ್ಲ. ಅಪ್ಪಿಯ ಪಾತ್ರ ಮುಗಿದಿರಲಿಲ್ಲ. ಭಾನುವಾರ ಒಗೆದ ಬಟ್ಟೆಯನ್ನು ಅವಳು ಶಬ್ದಕ್ಕೆ ಮೊದಲೇ ಒಳಗೆ ತರುತ್ತಾಳಂತೆ. ಯಾಕೆಂದರೆ ಶಬ್ದದ ಬೆನ್ನಿಗೆ ಬಿಳಿ ಹೊಗೆ ತೆಂಗಿನಮರದ ಎತ್ತರಕ್ಕೆ ಎದ್ದು ಅಂಗಳದವರೆಗೆ ಬರುತ್ತದೆ, ಸೀರೆಗೆಲ್ಲ ಕೆಟ್ಟ ಮೊಟ್ಟೆಯ ನಾತ. ಈ ಸಲ ಬಟ್ಟೆ ಒಳಗೆ ತಂದು ಕಾದದ್ದೇ ಬಂತು. ಹೊಗೆ ಬರಲಿಲ್ಲ.

"ಇದನ್ನು ಸೋಮವಾರವೇ ಹೇಳಬೇಕು ಅಂತ ನಿನಗೆ ಕಾಣಲಿಲ್ವಾ?"

ಬೂಬ ಎದ್ದು ನಿಂತು ಮೀಸೆ ಒರೆಸಿಕೊಂಡ. "ನೀವು ಶಬ್ದದ ಬಗ್ಗೆ ಕೇಳಿದ್ದು ಸಾರ್. ಹೊಗೆಯ ಬಗ್ಗೆ ಕೇಳಲಿಲ್ಲ."

ಒಡೆದ ಕೋವಿ ಶಬ್ದ ಬದಲಿಸೀತು. ಹೊಗೆಯನ್ನು ಎಲ್ಲಿ ಅಡಗಿಸೀತು?

ಉಮಾನಾಥರು ಮಣಿಪಾಲಕ್ಕೆ ಫೋನು ತಿರುಗಿಸಿದರು. ಲೈನು ಸಿಗಲು ಮುಕ್ಕಾಲು ಗಂಟೆ, ಡಾಕ್ಟರು ಸಿಗಲು ಅರ್ಧ ಗಂಟೆ, ಉತ್ತರಕ್ಕೆ ಅರ್ಧ ನಿಮಿಷ. ಮೃತರ ಮುಖದಲ್ಲಿ ಮಸಿಯಿತ್ತೇ? ಇರಲಿಲ್ಲ, ಉಕ್ಕಿನ ಚೂರು ಹೊಕ್ಕ ಗಾಯ ಬಿಟ್ಟರೆ ಮುಖ ತೊಳೆದಂತಿತ್ತು ಎಂದರು ಡಾಕ್ಟರು.

ಜೀಪು ಯಾವುದೋ ಮಂತ್ರಿಯ ಹಿಂದೆ ಹೋಗಿತ್ತು. ಉಮಾನಾಥರು ನೋಯುವ ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟು ಕಾರ್ಕಳಕ್ಕೆ ಟಿಕೆಟು ತೆಗೆದರು. ಚೀಲದಲ್ಲಿ ಹನ್ನೆರಡು ಬೋರಿನ ತೋಟೆಗಳ ಒಂದು ಪೆಟ್ಟಿಗೆ ಇತ್ತು. ನಿನ್ನೆ ಲಿಯೋನೆಲ್‌ರ ಮನೆಯ ಕಪಾಟಿನಿಂದ, ಬರೀ ಕ್ರಮಕ್ಕೆಂದು, ಬರೆಸಿ ತಂದದ್ದು. ಲಿಯೋನೆಲ್‌ರಿಗೆ ಮಾರ್ಟಿನಿಯ ಜೊತೆಗೆ ಒಂದು ಮಾಮೂಲಿ ತೋಟೆಕೋವಿಯ ಲೈಸೆನ್ಸೂ ಇತ್ತು.

ಕಾರ್ಕಳದ ಬಸ್‌ಸ್ಟ್ಯಾಂಡಿನ ಹಿಂದೆ ಮೂಸಾ ಬ್ಯಾರಿಯ ಅಂಗಡಿ. 'ಕೋವಿ ಮತ್ತು ಕೊಡೆ ರಿಪೇರಿ' ಎಂದು ಬೋರ್ಡು. ಒಂದು ಬಿಚ್ಚದಿದ್ದರೆ ಬೈಗುಳ, ಇನ್ನೊಂದು ತಾನಾಗಿ ಬಿಚ್ಚಿಕೊಂಡರೆ ಕೇಸು. ನಲವತ್ತು ವರ್ಷದಿಂದ ಮೂಸಾ ಈ ಎರಡರ ನಡುವೆ ಬದುಕಿದ್ದರು. ಅವರು ಉಮಾನಾಥರಿಗೆ ಸ್ಟೂಲು ಕೊಟ್ಟು, ಮಂಡಿಗೆ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಮೊದಲು ವಿಚಾರಿಸಿದರು. ಕೇಸಿನ ವಿಷಯ ಆಮೇಲೆ ಬಂತು.

"ಮೂಸಾಕ, ಒಂದು ಪ್ರಶ್ನೆ. ಕರಿಮದ್ದು ಜಾಸ್ತಿಯಾದರೆ ಮಾರ್ಟಿನಿ ಒಡೆಯುತ್ತದಾ?"

ಮೂಸಾ ಉತ್ತರ ಕೊಡದೆ ಕಪಾಟಿನಿಂದ ಬೆರಳುದ್ದದ ಹಳೆಯ ಹಿತ್ತಾಳೆ ಚಿಪ್ಪೊಂದನ್ನು ತೆಗೆದರು. ಆ ರೈಫಲಿನ ಈಡು ತುಂಬುವ ಚಿಪ್ಪು ಇಂಥದ್ದೇ. "ಜಾಸ್ತಿ ಹಾಕುವುದು ಎಲ್ಲಿಗೆ ಸಾರ್? ಇದರೊಳಗೆ ಹಿಡಿಯುವುದೇ ಎಂಬತ್ತೈದು ಗ್ರೇನಿನ ಆಸುಪಾಸು. ತುರುಕಿ ತುರುಕಿ ತುಂಬಿದರೂ ಭುಜಕ್ಕೆ ಒಂದು ಗುದ್ದು ಹೆಚ್ಚು ಬಿದ್ದೀತು. ಒಡೆಯಲಿಕ್ಕಿಲ್ಲ. ಇಷ್ಟೇ ಹಿಡಿಯುವ ಹಾಗೆ ಮಾಡಿದವನು ಮೂರ್ಖನಲ್ಲ."

"ಮತ್ತೆ ಒಡೆದದ್ದು ಹೇಗೆ?"

ಮೂಸಾ ಒಂದು ಒಡಕು ಹಂಚಿನ ಮೇಲೆ ಎರಡು ಚಿಟಿಕೆ ಪುಡಿ ಬೇರೆ ಬೇರೆ ಇಟ್ಟರು. ಒಂದು ಕರಿಮದ್ದು. ಇನ್ನೊಂದು, ಅಂಗಡಿಯದೇ ತೋಟೆಯೊಂದನ್ನು ಸೀಳಿ ತೆಗೆದದ್ದು. ಬೂದು ಬಣ್ಣದ ಸಣ್ಣ ಚಕ್ಕೆಗಳು. ಕಡ್ಡಿ ಗೀರಿದರು. ಕರಿಮದ್ದು ಬುಸ್ಸೆಂದು ಎದ್ದು ಅಂಗಡಿ ತುಂಬ ಬಿಳಿ ಹೊಗೆ ಕವಿಯಿತು, ಪಕ್ಕದ ದರ್ಜಿ ಕೆಮ್ಮಿದ. ಹಂಚಿನ ಮೇಲೆ ಒದ್ದೆ ಬೂದಿಯ ಕಲೆ ಉಳಿಯಿತು. ಎರಡನೆಯದು ಹಳದಿ ಜ್ವಾಲೆಯಾಗಿ ಉರಿದು ಹೋಯಿತು. ಹೊಗೆಯಿಲ್ಲ. ಕಲೆಯಿಲ್ಲ.

ಕರಿಮದ್ದಿನ ಬೂದಿ ಗಾಳಿಯ ನೀರು ಕುಡಿಯುತ್ತದೆ ಎಂದು ಮೂಸಾ ವಿವರಿಸಿದರು. ಅದಕ್ಕೇ ಹಾರಿಸಿದ ದಿನವೇ ಕುದಿಯುವ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ನಮ್ಮ ಕರಾವಳಿಯಲ್ಲಿ ಎರಡು ದಿನದಲ್ಲಿ ಕಬ್ಬಿಣ ಹೋಯಿತು. ತೋಟೆಯ ಮದ್ದಿಗೆ ಆ ರಗಳೆಯಿಲ್ಲ. ಆದರೆ ಅದರ ಸಿಟ್ಟು ಬೇರೆ. ಹೊಸ ಉಕ್ಕಿಗಾಗಿ ಮಾಡಿದ ಮದ್ದು ಅದು. ನೂರು ವರ್ಷದ ಮಾರ್ಟಿನಿಯೊಳಗೆ, ಆ ಭಾರದ ಸೀಸದ ಗುಂಡಿನ ಹಿಂದೆ ಹಾಕಿದರೆ, ಹಾಕಿದವನು ಕೊಲ್ಲಲಿಕ್ಕೇ ಹಾಕಿದ್ದು.

ಉಮಾನಾಥರು ಚೀಲದ ಪೆಟ್ಟಿಗೆಯನ್ನು ಮುಂದಿಟ್ಟರು. ಮೂಸಾ ಹತ್ತು ತೋಟೆಗಳನ್ನೂ ಒಂದೊಂದಾಗಿ ಅಂಗೈಯಲ್ಲಿಟ್ಟು, ಮೀನು ಕೊಳ್ಳುವವರಂತೆ ಕಣ್ಣು ಮುಚ್ಚಿ ತೂಗಿದರು. ಎರಡನ್ನು ಪಕ್ಕಕ್ಕೆ ಸರಿಸಿದರು. ಬಾಯಿಗಳನ್ನು ಯಾರೋ ನಾಜೂಕಾಗಿ ತೆರೆದು ಮತ್ತೆ ಮಡಚಿದ್ದರು. ಮೂಸಾ ಬ್ಲೇಡು ಹಾಕಿ ಸೀಳಿದರು. ಮೇಲೆ ಸೀಸದ ಚಿಲ್ಲುಗುಂಡು ಇತ್ತು. ಕೆಳಗೆ ಮದ್ದು ಇರಬೇಕಾದಲ್ಲಿ ಹತ್ತಿ.

"ಯಾರ ಮನೆಯದ್ದು ಸಾರ್ ಇದು?"

"ಸತ್ತವರ ಮನೆಯದ್ದು," ಎಂದು ಉಮಾನಾಥರು ಎದ್ದರು. ಮಂಡಿ ಲಟಕ್ಕೆಂದಿತು. ಇಷ್ಟು ಹೊತ್ತು ಅದು ಆಕಸ್ಮಿಕವಾಗಿತ್ತು, ಈಗ ಕೊಲೆ. ಕೊಲೆಗೆ ನಾಲ್ಕು ತಿಂಗಳು ಸಾಲುವುದಿಲ್ಲ.

ಬೆಳ್ಮಣ್ಣಿನ ಮೇಲೆ ಹೋಗುವ ಶಿರ್ವದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವರು ಲೆಕ್ಕ ಹಾಕಿದರು. ಶನಿವಾರ ಸಂಜೆ ಫೌಸ್ಟಿನ್ ಪೊಟ್ಟಣಗಳನ್ನು ಲಿಯೋನೆಲ್‌ರ ಮನೆಗೆ ಒಯ್ಯುತ್ತಾರೆ. ಇಬ್ಬರೂ ಚಾವಡಿಯಲ್ಲಿ ಕೂತು ಐದು ಚಿಪ್ಪು ತುಂಬುತ್ತಾರೆ, ಒಂದರಿಂದ ಐದರವರೆಗೆ ನಂಬರು ಗೀರುತ್ತಾರೆ, ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಡುತ್ತಾರೆ. ಭಾನುವಾರ ಸಿಡಿದದ್ದು ಮೊದಲ ಈಡು, ಒಂದನೇ ನಂಬರು. ಉಳಿದ ನಾಲ್ಕರಲ್ಲಿ ಮೂಸಾ ಹೇಳಿದಂಥ ಕರಿಮದ್ದೇ ಇತ್ತು, ಅದನ್ನು ಠಾಣೆಯಲ್ಲಿ ತೆರೆದು ನೋಡಿಯಾಗಿತ್ತು. ಅಂದರೆ ಶನಿವಾರ ಸಂಜೆಯ ನಂತರ, ಆ ಕಪಾಟಿಗೆ ಕೈ ಹಾಕಬಲ್ಲ ಯಾರೋ ಒಂದನೇ ನಂಬರಿನ ಗುಂಡು ಕಿತ್ತು, ಮದ್ದು ಬದಲಿಸಿ, ಮತ್ತೆ ಗುಂಡು ಕೂರಿಸಿದ್ದಾರೆ. ಮನೆಯಲ್ಲಿ ಇದ್ದವರು ಮೂವರು. ಲಿಯೋನೆಲ್. ಹೆಂಡತಿ ಗ್ಲ್ಯಾಡಿಸ್. ಬಹರೈನಿನಿಂದ ಎರಡು ತಿಂಗಳ ರಜೆಯಲ್ಲಿ ಬಂದ ತಮ್ಮ ಸಿರಿಲ್. ಫೌಸ್ಟಿನ್ ದೀಪ ಹಚ್ಚುವ ಮೊದಲೇ ತನ್ನ ಮನೆಗೆ ಮರಳಿದ್ದನ್ನು ಅರ್ಧ ಶಿರ್ವ ನೋಡಿತ್ತು.

ಏನೇ ಇರಲಿ, ಒಬ್ಬ ಮುದುಕನ ಎದೆಯ ಮೇಲಿನ ಕಲ್ಲನ್ನಾದರೂ ಇವತ್ತು ಇಳಿಸಬಹುದು. ಈ ವಾರದಲ್ಲಿ ಅವರಿಗೆ ಹಿತವೆನಿಸಿದ ಯೋಚನೆ ಅದೊಂದೇ.

ಫೌಸ್ಟಿನ್ ಜಗಲಿಯ ಬೆಂಚಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಆಗಲೇ ತೊಟ್ಟಿದ್ದರು. ನಾಳೆಯ ಬಸ್ಸಿಗೆ ಇವತ್ತೇ ಹೊರಟವರಂತೆ. ಪಕ್ಕದಲ್ಲಿ ತಪ್ಪೊಪ್ಪಿಗೆ ಬರೆದ ಹಾಳೆ, ಅದರ ಮೇಲೆ ಗಾಳಿಗೆ ಹಾರದಂತೆ ಜಪಸರ. ಅವರ ತಂಗಿ ಬರ್ತಾ ಬಾಯಿ ಬಾಗಿಲಲ್ಲಿ ನಿಂತು, ಸೋಮವಾರ ಸಿಮೆಟ್ರಿಯಲ್ಲಿ ಮಣ್ಣು ಹಾಕಿ ಬಂದ ಮೇಲೆ ಇವ ಗಂಜಿ ಮುಟ್ಟಲಿಲ್ಲ, ಇನ್‌ಸ್ಪೆಕ್ಟರೇ ಸ್ವಲ್ಪ ಹೇಳಬೇಕು ಎಂದರು.

ಉಮಾನಾಥರು ಕೂತರು. ನಳಿಗೆಯಿಂದ ಹಿಡಿದು ಹತ್ತಿಯವರೆಗೆ ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿಯೇ ಹಗುರವಾಯಿತು. ಅಪ್ಪಿಯ 'ಟಳ್' ಅನ್ನು ತಾವೇ ಮಾಡಿ ತೋರಿಸಲು ಹೋಗಿ ಕೆಮ್ಮು ಬಂತು.

"ಹಾಗಾಗಿ ನಿಮ್ಮ ತಕ್ಕಡಿ ತಪ್ಪಲಿಲ್ಲ ಪರ್ಬುಗಳೇ. ಎಂಬತ್ತನಾಲ್ಕು ಅಂದರೆ ಎಂಬತ್ತನಾಲ್ಕೇ. ಆ ಹಾಳೆ ಹರಿದು ಬಿಸಾಡಿ."

ಬರ್ತಾ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಗಂಜಿ ಬಿಸಿ ಮಾಡಲು ಒಳಗೆ ಹೋದರು.

ಫೌಸ್ಟಿನ್ ಹಗುರವಾಗಲಿಲ್ಲ. ಮೊದಲು ಇದ್ದುದಕ್ಕಿಂತ ಕುಗ್ಗಿದರು.

"ತೋಟೆಯ ಮದ್ದು ಅಂತ ಖಂಡಿತವಾ?"

"ಖಂಡಿತ."

"ಲಿಯೋನ ಕಪಾಟಿನದ್ದೇ?"

"ಅಲ್ಲಿಂದಲೇ."

ಅವರು ಜಪಸರವನ್ನು ಬದಿಗಿಟ್ಟು, ಹಾಳೆಯನ್ನು ತೊಡೆಯ ಮೇಲೆ ಹಾಸಿ, ಜೇಬಿನ ಪೆನ್ನು ತೆಗೆದರು. 'ಅಜಾಗರೂಕತೆಯಿಂದ' ಎಂಬ ಮಾತನ್ನು ಒಂದೇ ಗೆರೆಯಿಂದ ಹೊಡೆದು, ಮೇಲೆ ಇರುವೆ ಅಕ್ಷರದಲ್ಲಿ 'ಕೊಲ್ಲುವ ಉದ್ದೇಶದಿಂದ' ಎಂದು ಬರೆದರು.

"ನಾನೇ ಹಾಕಿದ್ದು ಸಾರ್. ಬೇಕಂತಲೇ."

ಉಮಾನಾಥರು ಕನ್ನಡಕ ಏರಿಸಿ ಆ ಗೆರೆಯನ್ನು ನೋಡಿದರು. ಮೂವತ್ತು ವರ್ಷದ ನೌಕರಿಯಲ್ಲಿ ಸಣ್ಣ ತಪ್ಪಿನಿಂದ ಪಾರಾಗಲು ದೊಡ್ಡ ಸುಳ್ಳು ಹೇಳಿದವರನ್ನು ಅವರು ಕಂಡಿದ್ದರು. ಬಿಡುಗಡೆಯ ಬಾಗಿಲು ತೆರೆದ ಮೇಲೆ ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡವರನ್ನು ಕಂಡಿರಲಿಲ್ಲ.

"ಕಪಾಟಿನ ಕೀಲಿ ಎಲ್ಲಿರುತ್ತದೆ?"

"ಅದು... ಮೊಳೆಯಲ್ಲಿ."

"ಯಾವ ಗೋಡೆಯ ಮೊಳೆ?"

ಫೌಸ್ಟಿನ್ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಒಳಗೆ ಒಲೆ ಊದುವ ಸದ್ದು ಕೇಳಿತು.

"ಪರ್ಬುಗಳೇ, ನನಗೆ ಸಾಕಾಗಿದೆ. ನೀವು ಯಾರನ್ನು ಕಾಯುತ್ತೀರಿ ಅಂತ ಹೇಳಿ. ಗ್ಲ್ಯಾಡಿಸ್ ಬಾಯಿಯನ್ನಾ? ಸಿರಿಲನನ್ನಾ?"

ಫೌಸ್ಟಿನ್ ತಲೆಯಾಡಿಸಿದರು. ಆಮೇಲೆ, ಔಷಧದ ಹೆಸರು ಓದುವವರಂತೆ ಮೆಲ್ಲನೆ, ಬಿಡಿಸಿ ಬಿಡಿಸಿ ಹೇಳತೊಡಗಿದರು. ತನ್ನ ತಾಯಿಯ ಊರಿನಲ್ಲಿ, ತಾನು ಒಂಬತ್ತು ವರ್ಷದವನಿದ್ದಾಗ, ಸೋದರಮಾವ ಒಬ್ಬ ತನ್ನ ಜೀವ ತಾನೇ ತೆಗೆದುಕೊಂಡಿದ್ದ. ಅವನನ್ನು ಸಿಮೆಟ್ರಿಯ ಗೋಡೆಯ ಆಚೆ, ಕಳ್ಳಿಗಿಡದ ಬುಡದಲ್ಲಿ ಹೂಳಿದರು. ಇಗರ್ಜಿಯ ಗಂಟೆ ಹೊಡೆಯಲಿಲ್ಲ. ತಾಯಿ ಆಮೇಲೆ ತಾನು ಸಾಯುವವರೆಗೆ ಆ ದಾರಿಯಲ್ಲಿ ನಡೆಯಲಿಲ್ಲ. ಈಗಿನ ಪಾದ್ರಿಗಳು ಹಾಗೆ ಮಾಡುವುದಿಲ್ಲ, ಕಾಲ ಬದಲಾಗಿದೆ ಎನ್ನುತ್ತಾರೆ. ಇರಬಹುದು. ಜನರ ಬಾಯಿ ಬದಲಾಗಿಲ್ಲ.

"ಲಿಯೋ ಈಗ ಅವನ ಅಪ್ಪ ಅಮ್ಮನ ಪಕ್ಕದಲ್ಲಿ ಮಲಗಿದ್ದಾನೆ ಸಾರ್. ಗಂಟೆ ಹೊಡೆದಾಗಿದೆ. ಅಲ್ಲಿಯೇ ಇರಲಿ."

ಉಮಾನಾಥರಿಗೆ ಈಗ ಅರ್ಥವಾಯಿತು. "ಅವರೇ ಹಾಕಿಕೊಂಡರು ಅಂತಲಾ?"

ಹೋದ ಗುರುವಾರ ಲಿಯೋನೆಲ್ ಇದೇ ಬೆಂಚಿನಲ್ಲಿ ಕೂತು ಕೇಳಿದ್ದರಂತೆ, ತೋಟೆಯ ಮದ್ದನ್ನು ಮಾರ್ಟಿನಿಗೆ ಹಾಕಿದರೆ ಎಂತ ಆಗುತ್ತದೆ ಎಂದು. ಒಡೆದು ಹಾರಿಸುವವನ ಮುಖಕ್ಕೆ ಬರುತ್ತದೆ ಎಂದು ಫೌಸ್ಟಿನ್ ಹೇಳಿದ್ದರು. ಲಿಯೋನೆಲ್ ನಕ್ಕಿದ್ದರು. ಸಾಯುವ ದಾರಿಯನ್ನು ತಾನೇ ತೂಗಿ ಪೊಟ್ಟಣ ಕಟ್ಟಿ ಕೊಟ್ಟೆ ಎನ್ನುವುದು ಫೌಸ್ಟಿನ್‌ರಿಗೆ ಈಗ ಹೊಳೆದಿತ್ತು. ಆದ್ದರಿಂದ ತಾನು ಕೊಂದೆ ಎಂದು ಬರೆದರೆ ಅದು ಪೂರ್ತಿ ಸುಳ್ಳೂ ಅಲ್ಲ. ತನಗೆ ಹೆಂಡತಿ ಮಕ್ಕಳಿಲ್ಲ, ಜೈಲಿನಲ್ಲಿ ಕಂಪೌಂಡರ್ ಕೆಲಸವಾದರೂ ಸಿಕ್ಕೀತು ಎಂದು ಅವರು ನಗಲು ನೋಡಿದರು. ನಗು ಬರಲಿಲ್ಲ.

ಉಮಾನಾಥರು ಗೋ‌ಡೆಗೆ ಒರಗಿದರು. ಮುದುಕ ಹೇಳಿದ್ದು ಸರಿಯಿದ್ದರೆ ಕೊಲೆಯೂ ಇಲ್ಲ, ಕೊಲೆಗಾರನೂ ಇಲ್ಲ. ಮತ್ತೆ ಆಕಸ್ಮಿಕ ಎಂದು ಬರೆದು, ಸಿಮೆಟ್ರಿಯಲ್ಲಿ ಮಲಗಿದವರನ್ನು ಮಲಗಲು ಬಿಟ್ಟು, ಇವರನ್ನೂ ಬಿಡಿಸಿ ಮನೆಗೆ ಹೋಗಬಹುದು. ಆ ಆಸೆಯಿಂದಲೇ ಅವರು ಕೊನೆಯ ಪ್ರಶ್ನೆಯನ್ನು ತೀರ ಉದಾಸೀನವಾಗಿ, ಬರೀ ಫೈಲಿನ ಶಾಸ್ತ್ರಕ್ಕೆ ಕೇಳಿದರು. ಭಾನುವಾರ ಕೋರೆಯಲ್ಲಿ ನಡೆದದ್ದನ್ನು ಮೊದಲಿಂದ ಹೇಳಿ.

ಫೌಸ್ಟಿನ್ ಹೇಳಿದರು. ಗುರಿಯ ಕಾಗದ ಅಂಟಿಸಿ ಬಂದದ್ದು. ಲಿಯೋನೆಲ್ ಕಲ್ಲಿನ ಮೇಲೆ ಕೂತು ಬೆವರು ಒರೆಸುತ್ತಿದ್ದದ್ದು. ತಾನು ಡಬ್ಬಿಯಿಂದ ಒಂದನೇ ನಂಬರು ತೆಗೆದು ರೈಫಲಿಗೆ ಹಾಕಿ, ಭುಜಕ್ಕೆ ಇಟ್ಟು, ಗುರಿ ಹಿಡಿದದ್ದು.

"ನೀವಾ?"

"ನಾನೇ. ಉಸಿರು ಹಿಡಿದಿದ್ದೆ. ಕೋವಿಯ ಕುದುರೆಗೆ ಬೆರಳು ಹಾಕಿಯಾಗಿತ್ತು. ಆಗ ಲಿಯೋ ಎದ್ದು ಬಂದು ನಳಿಗೆಗೆ ಕೈಯಿಟ್ಟ. ಕೊಡು, ಇವತ್ತು ನಾನು ಹೊಡೆಯುತ್ತೇನೆ ಅಂದ."

ಉಮಾನಾಥರು ಗೋಡೆ ಬಿಟ್ಟು ಎದ್ದು ಕೂತರು. ಮಂಡಿಯ ನೋವು ಎಲ್ಲೋ ದೂರದಲ್ಲಿ, ಬೇರೆ ಯಾರಿಗೋ ಆಗುತ್ತಿರುವಂತಿತ್ತು.

"ರೈಫಲು ಅವರದ್ದು. ಮೊದಲ ಗುಂಡು ನೀವು ಯಾಕೆ ಹೊಡೆಯಲು ಹೋದದ್ದು?"

"ಒಂದು ಭಾನುವಾರ ಅವನು ಮೊದಲು, ಒಂದು ಭಾನುವಾರ ನಾನು. ಎರಡು ವರ್ಷದಿಂದ ಹಾಗೆಯೇ." ಫೌಸ್ಟಿನ್ ಇದರಲ್ಲಿ ವಿಶೇಷವೇನೂ ಇಲ್ಲ ಎಂಬಂತೆ ಹೇಳಿದರು. "ಈ ವಾರ ನನ್ನದು."

"ಆ ಮನೆಯವರಿಗೆ ಇದು ಗೊತ್ತುಂಟಾ?"

"ಗೊತ್ತಿಲ್ಲದವರು ಯಾರು? ಶನಿವಾರ ಸಂಜೆ ಚಾ ಕೊಡುವಾಗಲೇ ಗ್ಲ್ಯಾಡಿಸ್ ನನಗೆ ತಮಾಷೆ ಮಾಡಿದಳು, ನಾಳೆ ನಿಮ್ಮ..."



ಸಾಯಬೇಕೆಂದು ಮಾಡಿದವನು ಇನ್ನೊಬ್ಬನ ಸರದಿಯ ಗುಂಡಿಗೆ ಆ ಮದ್ದು ತುಂಬುತ್ತಾನೆಯೇ ಎಂದು ಉಮಾನಾಥರು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಎದುರಿನ ಮುಖದಲ್ಲಿ ಆ ಪ್ರಶ್ನೆ, ನೀರಿಗೆ ಬಿದ್ದ ಶಾಯಿಯಂತೆ, ಹಣೆಯಿಂದ ಇಳಿದು ಗದ್ದದವರೆಗೆ ಹರಡುವುದು ಕಾಣುತ್ತಿತ್ತು. ಯಾರು ಹಾಕಿದ್ದೋ ಏನೋ, ಆ ಮದ್ದು ಹಾಕಿದ್ದು ಫೌಸ್ಟಿನ್‌ರಿಗೆ. ಅದು ಲಿಯೋನೆಲ್‌ರಿಗೆ ಗೊತ್ತಿತ್ತು, ಗೊತ್ತಿದ್ದೇ ಅವರು ಕೊನೆಯ ಗಳಿಗೆಯಲ್ಲಿ ರೈಫಲನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು.

"ಪರ್ಬುಗಳೇ," ಉಮಾನಾಥರ ದನಿ ಅವರಿಗೇ ಕೇಳದಷ್ಟು ತಗ್ಗಿತ್ತು, "ಕೊಡು ಅಂದಾಗ ಅವರು ಮತ್ತೆ ಎಂತ ಹೇಳಿದರು? ನೆನಪು ಮಾಡಿ."

ಕೈಯಲ್ಲಿದ್ದ ಪೆನ್ನಿನಿಂದ ಬಿಳಿ ಅಂಗಿಯ ಮೇಲೆ ಒಂದು ಹನಿ ಶಾಯಿ ಬಿದ್ದದ್ದನ್ನು ಫೌಸ್ಟಿನ್ ನೋಡಲಿಲ್ಲ.

"ಏನೂ ಹೇಳಲಿಲ್ಲ ಸಾರ್. ನನ್ನ ಮುಖವನ್ನೇ ನೋಡಲಿಲ್ಲ ಅವನು."